ಬಡಾವಣೆಯ ಪಾರ್ಕಿಗೆ ಜಿರಾಫೆ ಬೇಡ, ಕೊಂಡುಕುರಿ ಬರಲಿ: ಹಂತ ಹಂತದ ಮಾರ್ಗದರ್ಶಿ

ದಾವಣಗೆರೆಯ ಬಡಾವಣೆಗಳ ನಿವಾಸಿಗಳ ಸಂಘದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನಮ್ಮ ಪಾರ್ಕಿನಲ್ಲಿ ಮಕ್ಕಳಿಗಾಗಿ ಪ್ರಾಣಿಗಳ ಥೀಮ್ ಮಾಡಬೇಕು, ಎಲ್ಲಿಂದ ಶುರು ಮಾಡೋಣ?" ಕೇಳುವ ಹೊತ್ತಿಗಾಗಲೇ ಅನೇಕರ ಕೈಯಲ್ಲಿ ಆಟಿಕೆ ಕಂಪನಿಯೊಂದರ ಕ್ಯಾಟಲಾಗ್ ಇರುತ್ತದೆ. ಅದರ ತುಂಬ ಜಿರಾಫೆಯ ಜಾರುಬಂಡೆ, ಪಾಂಡಾ ಮುಖದ ಕಸದ ಬುಟ್ಟಿ, ಹಲ್ಲು ಕಿರಿಯುವ ಡೈನೋಸಾರ್. ಜಗಳೂರು ತಾಲ್ಲೂಕಿನ ಕುರುಚಲು ಕಾಡಿನಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಪ್ರಾಣಿಯೊಂದು ಓಡಾಡಿಕೊಂಡಿರುವಾಗ ಅದೇ ಜಿಲ್ಲೆಯ ಮಗು ಆಫ್ರಿಕಾದ ಜಿರಾಫೆಯ ಕುತ್ತಿಗೆಯಿಂದ ಜಾರಬೇಕೇ? ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ತಕರಾರೂ ಇದೆ. ನಮ್ಮ ಪಾರ್ಕುಗಳಲ್ಲಿ ಪ್ರಾಣಿ ಎಂದರೆ ಸಿಮೆಂಟಿನ ಬೊಂಬೆ. ಸುತ್ತ ಕಬ್ಬಿಣದ ಬೇಲಿ, ಮುಂದೆ "ಮುಟ್ಟಬೇಡಿ" ಎಂಬ ಫಲಕ. ಮಕ್ಕಳು ಅದರ ಪಕ್ಕ ನಿಂತು ಒಂದು ಫೋಟೊ ತೆಗೆಸಿಕೊಂಡರೆ ಅದರ ಉಪಯೋಗ ಮುಗಿಯಿತು. ಈ ಮಾರ್ಗದರ್ಶಿಯ ಸೂತ್ರ ಬೇರೆ: ಪ್ರಾಣಿ ಕಾಡಿನಲ್ಲಿ ಏನು ಮಾಡುತ್ತದೆಯೋ ಅದನ್ನು ಮಗು ಪಾರ್ಕಿನಲ್ಲಿ ಮಾಡುವಂತಿರಬೇಕು. ಕರಡಿ ಅಗೆಯುತ್ತದೆ, ಉಡ ಹತ್ತುತ್ತದೆ, ಗೀಜಗ ತೂಗುವ ಗೂಡು ಕಟ್ಟುತ್ತದೆ. ಆಟಗಳೆಲ್ಲ ಅಲ್ಲೇ ಇವೆ.

1. ಮೊದಲು ಜಾಗದ ಕಾಗದಪತ್ರ

ದೂಡಾ, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅನುಮೋದಿಸಿದ ನಿಮ್ಮ ಬಡಾವಣೆಯ ನಕ್ಷೆಯ ಪ್ರತಿಯನ್ನು ಪಡೆಯಿರಿ. ಸುಲಭವಾಗಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅಡಿ ಅರ್ಜಿ ಹಾಕಿ. ನಕ್ಷೆಯಲ್ಲಿ ಆ ಜಾಗದ ಮೇಲೆ "ಉದ್ಯಾನ" ಎಂದೇ ಬರೆದಿದೆಯೇ ಎಂಬುದನ್ನು ಕಣ್ಣಾರೆ ನೋಡಿ. "ಸಿ.ಎ. ನಿವೇಶನ" ಎಂದಿದ್ದರೆ ಅದು ನಾಗರಿಕ ಸೌಲಭ್ಯದ ಜಾಗ, ಶಾಲೆ, ಆಸ್ಪತ್ರೆ, ಸಮುದಾಯ ಭವನದಂಥವುಗಳಿಗೆ ಮೀಸಲು. ನೀವು ಗಿಡ ನೆಟ್ಟು ಜೋಕಾಲಿ ಹಾಕಿದ ಮೇಲೆ ಅದು ಇನ್ಯಾವುದೋ ಸಂಸ್ಥೆಗೆ ಹಂಚಿಕೆಯಾಗಬಹುದು. ಉದ್ಯಾನವೆಂದೇ ಗುರುತಾದ ಜಾಗಕ್ಕೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಆಗಿದ್ದರೆ ನಿಮ್ಮ ಮನವಿ ಮಹಾನಗರ ಪಾಲಿಕೆಗೆ, ಆಗಿಲ್ಲದಿದ್ದರೆ ಪ್ರಾಧಿಕಾರಕ್ಕೆ. ಈ ಒಂದು ವಿಷಯ ಗೊತ್ತಿಲ್ಲದೆ ಎರಡು ಕಚೇರಿಗಳ ನಡುವೆ ಚಪ್ಪಲಿ ಸವೆಸಿದವರು ಬಹಳ ಮಂದಿ. ಚಿತ್ರದುರ್ಗದವರಾದರೆ ಪಾಲಿಕೆಯ ಜಾಗದಲ್ಲಿ ನಗರಸಭೆ ಎಂದು ಓದಿಕೊಳ್ಳಿ. ಉಳಿದದ್ದು ಹೆಚ್ಚುಕಡಿಮೆ ಇದೇ.

ಜಾಗದ ಮೇಲೆ ಹೈಟೆನ್ಷನ್ ತಂತಿ ಹಾದುಹೋಗಿದ್ದರೆ ಅದರ ಕೆಳಗೆ ಏನನ್ನೂ ಯೋಜಿಸಬೇಡಿ. ಎಷ್ಟು ಅಂತರ ಬಿಡಬೇಕೆಂದು ಬೆಸ್ಕಾಂನಿಂದ ಲಿಖಿತವಾಗಿ ಕೇಳಿ ಪಡೆಯಿರಿ.

2. ಪ್ರಾಣಿಗಳನ್ನು ಆರಿಸಿ: ನಾಲ್ಕು ಸಾಕು

ಇದೇ ಮುಖ್ಯ ಹಂತ. ಇದಕ್ಕೆ ಸಮಯ ಕೊಡಿ. ಸಭೆ ಕರೆದ ಕೂಡಲೇ ಒಬ್ಬರು ಹುಲಿ ಎನ್ನುತ್ತಾರೆ, ಇನ್ನೊಬ್ಬರು ಆನೆ ಎನ್ನುತ್ತಾರೆ, ನವಿಲು ಇರಲೇಬೇಕೆಂದು ಹತ್ತು ಮಂದಿ ಪಟ್ಟು ಹಿಡಿಯುತ್ತಾರೆ. ಅದಕ್ಕೂ ಮೊದಲು ಮಕ್ಕಳನ್ನೂ ಕರೆದುಕೊಂಡು ಸುತ್ತಲಿನ ಜಾಗಗಳನ್ನು ಒಮ್ಮೆ ನೋಡಿ ಬನ್ನಿ. ಊರೊಳಗೇ ಕುಂದುವಾಡ ಕೆರೆ ಇದೆ. ಆನಗೋಡಿನಲ್ಲಿ ಕಿರು ಮೃಗಾಲಯವಿದೆ. ಹರಿಹರದ ಕಡೆ ಕೊಂಡಜ್ಜಿ, ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿ ಧಾಮವಾಯಿತು. ಅಲ್ಲಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಚಿತ್ರದುರ್ಗದವರಿಗೆ ಜೋಗಿಮಟ್ಟಿ ಮತ್ತು ಆಡುಮಲ್ಲೇಶ್ವರದ ಕಿರು ಮೃಗಾಲಯ ಹತ್ತಿರ. ನೋಡಿ ಬಂದ ಮಕ್ಕಳ ಕೈಗೆ ಹಾಳೆ, ಬಣ್ಣ ಕೊಟ್ಟು ಚಿತ್ರ ಬರೆಸಿ. ದೊಡ್ಡವರ ಸಭೆಯಲ್ಲಿ ಸಿಗದ ಸುಳಿವು ಅಲ್ಲಿ ಸಿಗುತ್ತದೆ.

ನನ್ನ ಆಯ್ಕೆಯನ್ನು ಕೇಳುವುದಾದರೆ ಹೀಗೆ:

ಕೊಂಡುಕುರಿ. ಜಗತ್ತಿನ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿರುವುದು ಇದಕ್ಕೆ ಮಾತ್ರ, ಅದೂ ಗಂಡಿಗಷ್ಟೇ. ಕಿವಿಗಳ ನಡುವೆ ಎರಡು ಉದ್ದನೆಯವು, ಹಣೆಯ ಮೇಲೆ ಎರಡು ಮೊಟಕು. ಭುಜದ ಎತ್ತರ ಸುಮಾರು ಎರಡು ಅಡಿ, ಅಂದರೆ ಐದಾರು ವರ್ಷದ ಮಗುವಿನ ಸೊಂಟದ ಮಟ್ಟ. ಆದ್ದರಿಂದ ಇದನ್ನು ನಿಜವಾದ ಅಳತೆಯಲ್ಲೇ ಮಾಡಿಸಬಹುದು. ಮಗು ಪಕ್ಕದಲ್ಲಿ ನಿಂತು ತಾನೇ ಅಳೆದು ನೋಡಬಹುದು. ಕೊಂಡುಕುರಿ ಹಿಂಡು ಕಟ್ಟುವುದಿಲ್ಲ, ಸಾಮಾನ್ಯವಾಗಿ ಒಂಟಿಯಾಗಿ ಹುಲ್ಲು, ಪೊದೆಗಳ ಮರೆಯಲ್ಲಿ ಅಡಗಿಕೊಂಡಿರುತ್ತದೆ. ಹಾಗಾಗಿ ಇದರ ಆಟ ಕಣ್ಣಾಮುಚ್ಚಾಲೆ. ನಿಜವಾದ ಎತ್ತರದ ಹುಲ್ಲು ಬೆಳೆಸಿದರೆ ಹಾವಿನ ಭಯ ಎನ್ನುವ ತಾಯಂದಿರ ಮಾತಿನಲ್ಲಿ ನ್ಯಾಯವಿದೆ. ಹುಲ್ಲಿನ ಬಣ್ಣ ಬಳಿದ, ಮೂರು ನಾಲ್ಕು ಅಡಿ ಎತ್ತರದ ಮರದ ಕಂಬಗಳ ಸಾಲುಗಳನ್ನು ಹಿಂದೆ ಮುಂದೆ ನೆಟ್ಟರೆ ಮಕ್ಕಳಿಗೆ ಅಡಗಲು ಸಾಕು. ಬೆಂಚಿನ ಮೇಲೆ ಕುಳಿತ ಅಜ್ಜಿಗೆ ಮೊಮ್ಮಗುವಿನ ತಲೆಯೂ ಕಾಣುತ್ತದೆ.

ಕರಡಿ. ಉದ್ದನೆಯ ಉಗುರಿನಿಂದ ಹುತ್ತ ಬಗೆದು, ಮೂತಿ ಚಾಚಿ, ಗೆದ್ದಲನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹೀಗೆ ಹೀರಲು ಅನುಕೂಲವಾಗುವಂತೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಅದಕ್ಕಿಲ್ಲ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇದರಲ್ಲಿ ಎರಡು ಆಟಗಳಿವೆ: ಹುತ್ತದ ಆಕಾರದ ಗೋಡೆಗಳ ನಡುವೆ ಮರಳಿನ ಗುಂಡಿ, ಅದರ ಪಕ್ಕದಲ್ಲಿ ಇಬ್ಬರು ಪುಟ್ಟ ಮಕ್ಕಳು ಹತ್ತಿ ಕೂರಬಹುದಾದ ತಗ್ಗು ಬೆನ್ನಿನ ಕರಡಿ. ಬೆನ್ನಿನ ಮೇಲೆ ಕೂದಲಿನ ಗೆರೆಗಳನ್ನು ಆಳವಾಗಿ ಕೊರೆಸಿ. ಕೈಗೆ ಹಿಡಿತ ಸಿಗುತ್ತದೆ.

ಉಡ. ಉಡದ ಪಟ್ಟು ಎಂಬ ಮಾತನ್ನು ಮಕ್ಕಳಿಗೆ ವಿವರಿಸಲು ಒಂದು ಓರೆಗೋಡೆ ಸಾಕು. ಗೋಡೆಯ ಮೇಲೆ ಉಡದ ಉಬ್ಬುಚಿತ್ರ, ಅದರ ಕಾಲು ಬಾಲಗಳೇ ಹತ್ತಲು ಹಿಡಿಕೆಗಳು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತುತ್ತಿದ್ದರೆಂಬ ಕಥೆ ದುರ್ಗದ ಸೀಮೆಯಲ್ಲಿ ಕೇಳದವರಿಲ್ಲ. ಅದು ಕಥೆಯಾಗಿಯೇ ಇರಲಿ, ಫಲಕದಲ್ಲಿ ಇತಿಹಾಸವೆಂದು ಬರೆಸಬೇಡಿ.

ಗೀಜಗ. ಗಂಡು ಹಕ್ಕಿ ಹುಲ್ಲಿನ ಎಳೆಗಳನ್ನು ಸೀಳಿ ತಂದು ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ, ಒಪ್ಪಿದರೆ ಮಾತ್ರ ಸಂಸಾರ. ಹಗ್ಗ ಹೆಣೆದ ದುಂಡನೆಯ ಬುಟ್ಟಿ ಜೋಕಾಲಿ ಇದಕ್ಕೆ ಸರಿಯಾದ ಜೋಡಿ. ನೆಟ್ಟಗೆ ಕೂರಲಾಗದ ಮಗುವನ್ನೂ ಅದರಲ್ಲಿ ಮಲಗಿಸಿ ತೂಗಬಹುದು. ಮಾಮೂಲಿ ಹಲಗೆ ಜೋಕಾಲಿಯಲ್ಲಿ ಅದು ಸಾಧ್ಯವಿಲ್ಲ.

ಜಾಗ ಉಳಿದರೆ ಒಂಟಿಕಾಲಿನ ಕೊಕ್ಕರೆಗಾಗಿ ಸಮತೋಲನದ ಗಿಡ್ಡ ದಿಮ್ಮಿಗಳನ್ನೋ, ಮುದುಡಿಕೊಂಡ ಚಿಪ್ಪುಹಂದಿಯ ಆಕಾರದ ಗುಮ್ಮಟವನ್ನೋ ಸೇರಿಸಿ. ಜೋಗಿಮಟ್ಟಿಯ ಮಗ್ಗುಲಿನವರಿಗೆ ಬಂಡೆಯ ಮೇಲೆ ಮೈಚಾಚಿದ ಚಿರತೆ ಚೆನ್ನ. ಬಂಡೆಗಳಿಗೆ ಅವರಲ್ಲಿ ಬರವಿಲ್ಲ. ನವಿಲಿಗೆ ನನ್ನ ವಿರೋಧವಿಲ್ಲ, ಆದರೆ ಅದರ ಬಾಲವನ್ನೇ ಜಾರುಬಂಡೆ ಮಾಡುವ ಉಪಾಯ ಈಗಾಗಲೇ ಊರೂರಲ್ಲೂ ಇದೆ.

ಎಚ್ಚರಿಕೆ: "ನಾಲ್ಕು ಮೊಲ, ಒಂದು ಪಂಜರದಲ್ಲಿ ಗಿಳಿ ಇಟ್ಟರೆ ಮಕ್ಕಳಿಗೆ ಖುಷಿ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಮೃಗಾಲಯ ನಡೆಸುವಂತೆಯೂ ಇಲ್ಲ. ಜೀವಂತ ಪ್ರಾಣಿಯ ಮಾತನ್ನು ಮೊದಲ ಸಭೆಯಲ್ಲೇ ಮುಗಿಸಿಬಿಡಿ.

3. ಮಣ್ಣು ನೋಡಿ, ಆಮೇಲೆ ಸಿಮೆಂಟು

ದಾವಣಗೆರೆಯ ಸುತ್ತ ಎಷ್ಟೋ ಕಡೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕೂರಿಸಿದ ಕರಡಿ ಒಂದೆರಡು ಮಳೆಗಾಲದಲ್ಲೇ ವಾಲುತ್ತದೆ. ಜೋಕಾಲಿಯ ಕಂಬದ ಬುಡ ಸಡಿಲವಾಗುತ್ತದೆ. ಭಾರದ ರಚನೆ ಬರುವ ಕಡೆ ಎರೆಮಣ್ಣನ್ನು ಅಗೆದು ತೆಗೆಸಿ, ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಕಿ ಧಮ್ಮಸ್ಸು ಮಾಡಿಸಬೇಕು. ಎಷ್ಟು ಆಳ ಎಂಬುದನ್ನು ಮಣ್ಣಿನ ಪರೀಕ್ಷೆ ಮಾಡಿಸಿ ಎಂಜಿನಿಯರ್ ಹೇಳಲಿ, ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ. ಚಿತ್ರದುರ್ಗದ ಕಲ್ಲು ಮಿಶ್ರಿತ ಕೆಂಪು ನೆಲದಲ್ಲಿ ಈ ತೊಂದರೆ ಕಡಿಮೆ, ಆದರೆ ಗುಂಡಿ ತೋಡಲು ಬೆವರು ಹರಿಸಬೇಕು.

ಜೋರು ಮಳೆ ಬಂದ ಮರುದಿನ ಜಾಗಕ್ಕೆ ಹೋಗಿ ನೀರು ಎಲ್ಲಿ ನಿಂತಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಮರಳಿನ ಗುಂಡಿ ಅಲ್ಲಿ ಬರಕೂಡದು.

4. ನಕ್ಷೆ ಬರೆಸಿ

ಐದು ವರ್ಷದೊಳಗಿನವರ ಜಾಗ ಮತ್ತು ದೊಡ್ಡ ಮಕ್ಕಳ ಜಾಗ ಬೇರೆ ಬೇರೆ ಇರಲಿ. ಎರಡೂ ಕಾಣುವಂತೆ ನಡುವೆ ನೆರಳಿನಲ್ಲಿ ಬೆಂಚು. ಜೋಕಾಲಿಗಳು ಎಲ್ಲಕ್ಕಿಂತ ಅಂಚಿನಲ್ಲಿ ಬರಬೇಕು. ಓಡುವ ಮಗು ತೂಗುವ ಜೋಕಾಲಿಯ ಮುಂದೆ ಹಾದುಹೋಗುವಂತಿರಬಾರದು.

ಜಾರುಬಂಡೆಯ ಮುಖ ಉತ್ತರಕ್ಕೆ ಇರಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯ ಬಿಸಿಲಿಗೆ ಕಾದ ಸ್ಟೀಲ್ ತಗಡಿನ ಮೇಲೆ ಬರಿಗಾಲಿಟ್ಟು ನೋಡಿದರೆ ಇದರ ಕಾರಣ ತಾನಾಗಿ ತಿಳಿಯುತ್ತದೆ. ಗೇಟಿನಿಂದ ಆಟದ ಜಾಗದವರೆಗೆ ಗಾಲಿಕುರ್ಚಿ ಹೋಗುವಂಥ ಮೆಟ್ಟಿಲಿಲ್ಲದ ಗಟ್ಟಿ ದಾರಿ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳಿಗೆ ಇದನ್ನು ಕಡ್ಡಾಯ ಮಾಡಿದೆ. ದನ ನುಗ್ಗದಿರಲೆಂದು ಗೇಟಿನಲ್ಲಿ ಅಡ್ಡಪಟ್ಟಿ ಹಾಕಿಸಿ ಗಾಲಿಕುರ್ಚಿಯನ್ನೂ ತಡೆಯುವುದು ನಮ್ಮಲ್ಲಿ ಸಾಮಾನ್ಯ. ಅದು ಬೇಡ, ಮುಚ್ಚಿ ತೆರೆಯುವ ಅಗಲವಾದ ಗೇಟೇ ಇರಲಿ.

5. ಅಳತೆಗಳು: ಇಲ್ಲಿ ರಾಜಿ ಬೇಡ

ಶಿಲ್ಪಿಗಳಿಗೆ ರೂಪ ಗೊತ್ತು, ಆದರೆ ಆಟದ ಅಳತೆ ಗೊತ್ತಿರುವುದು ಅಪರೂಪ. ಕೆಳಗಿನವು ಆಟದ ಸಲಕರಣೆಗಳಿಗೆ ಹೊರದೇಶಗಳಲ್ಲೂ ಪಾಲಿಸುವ ಅಳತೆಗಳು. ಬರೆದುಕೊಂಡು ಅವರ ಕೈಗೆ ಕೊಡಿ.

ಸಂದಿಗಳು: ಕಂಬ, ಸರಳು, ಮೆಟ್ಟಿಲುಗಳ ನಡುವಿನ ಸಂದಿ 9 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವೇ 23 ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ಇವೆರಡರ ನಡುವಿನ ಅಳತೆಯಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಕೊಂಡುಕುರಿಯ ನಾಲ್ಕು ಕಾಲುಗಳ ನಡುವಿನ ಜಾಗಕ್ಕೂ ಇದೇ ನಿಯಮ.

ಬೀಳುವ ವಲಯ: ಆಟದ ಸಲಕರಣೆಯ ಸುತ್ತ ಮಗು ಬೀಳಬಹುದಾದ, ಗಟ್ಟಿ ವಸ್ತು ಏನೂ ಇರಬಾರದ ಖಾಲಿ ಜಾಗ. ಎಲ್ಲ ಬದಿಗೂ ಕನಿಷ್ಠ 6 ಅಡಿ. ಜೋಕಾಲಿಗಾದರೆ ಮುಂದೆ ಮತ್ತು ಹಿಂದೆ, ಅದನ್ನು ನೇತುಹಾಕಿದ ಎತ್ತರದ ಎರಡರಷ್ಟು. ಜೋಕಾಲಿ 8 ಅಡಿ ಎತ್ತರದಲ್ಲಿ ನೇತಾಡುತ್ತಿದ್ದರೆ ಮುಂದೆ 16, ಹಿಂದೆ 16 ಅಡಿ. ಈ ಲೆಕ್ಕ ಹಾಕಿದಾಗಲೇ ಅನೇಕ ಪಾರ್ಕುಗಳಿಗೆ ಎರಡನೆಯ ಜೋಕಾಲಿ ಹಿಡಿಸುವುದಿಲ್ಲ ಎಂದು ಗೊತ್ತಾಗುವುದು.

ಹುತ್ತದ ಸುರಂಗ: ಹುತ್ತದ ಗೋಡೆಯಲ್ಲಿ ತೂರಿಹೋಗುವ ಸುರಂಗ ಮಾಡಿಸುವುದಾದರೆ ಅಗಲ ಕನಿಷ್ಠ ಎರಡು ಅಡಿ, ಎರಡೂ ತುದಿ ತೆರೆದಿರಬೇಕು, ಉದ್ದ ಕಡಿಮೆ ಇರಬೇಕು. ಒಳಗೆ ಅಳುತ್ತ ಕುಳಿತ ಮಗುವನ್ನು ದೊಡ್ಡವರು ಕೈ ಚಾಚಿ ತೆಗೆಯುವಂತಿರಬೇಕು.

ಕೊಂಬು, ಕೊಕ್ಕು, ಉಗುರು: ಇವೇ ಅಪಾಯದ ಜಾಗಗಳು. ನಿಜವಾದ ಅಳತೆಯ ಕೊಂಡುಕುರಿಯ ಕೊಂಬಿನ ತುದಿ ಸರಿಯಾಗಿ ಪುಟ್ಟ ಮಗುವಿನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ತುದಿಯನ್ನು ಗುಂಡಗೆ, ಹೆಬ್ಬೆರಳಿನಷ್ಟು ದಪ್ಪಗೆ ಮಾಡಿಸಿ. ನಾಲ್ಕು ಕೊಂಬು ಇವೆ ಎಂದು ಗೊತ್ತಾದರೆ ಸಾಕು, ಇರಿಯುವಷ್ಟು ಚೂಪು ಬೇಡ.

ಇನ್ನು ಯಾವ ವಸ್ತುವಿನಿಂದ ಮಾಡಿಸುವುದು? ಫೆರೋಸಿಮೆಂಟ್, ಅಂದರೆ ಕಬ್ಬಿಣದ ಜಾಲರಿಯ ಮೇಲೆ ಸಿಮೆಂಟ್ ಗಾರೆ ಮೆತ್ತಿ ರೂಪ ಕೊಡುವ ವಿಧಾನ, ನಮ್ಮ ಕಲಾವಿದರಿಗೆ ಪರಿಚಿತ ಮತ್ತು ಬಾಳಿಕೆಯದು. ಎಫ್‌ಆರ್‌ಪಿ, ಅಂದರೆ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್, ಹಗುರ ಮತ್ತು ನುಣುಪು. ಆದರೆ ಒಡೆದರೆ ಅಂಚು ಚರ್ಮಕ್ಕೆ ಚುಚ್ಚುತ್ತದೆ, ನಾರು ಕೈಗೆ ಹತ್ತಿ ತುರಿಕೆಯಾಗುತ್ತದೆ. ಹತ್ತುವ ಪ್ರಾಣಿಗೆ ಫೆರೋಸಿಮೆಂಟ್, ದೂರದಿಂದ ನೋಡುವ ಹಕ್ಕಿಗೆ ಬೇಕಾದರೆ ಎಫ್‌ಆರ್‌ಪಿ ಎಂಬುದು ನನ್ನ ಅಭಿಪ್ರಾಯ. ಯಾವುದೇ ಆಗಲಿ, ನೀರು ನಿಲ್ಲುವ ತಗ್ಗಿಗೆಲ್ಲ ಕೆಳಗೊಂದು ರಂಧ್ರ ಕೊರೆಸಿ. ಕರಡಿಯ ಬಾಯಲ್ಲಿ ನಿಂತ ಒಂದು ಲೋಟ ಮಳೆನೀರು ಡೆಂಗಿ ಸೊಳ್ಳೆಗೆ ಸಾಕಾಗುತ್ತದೆ. ಬಣ್ಣಕ್ಕೆ ಸೀಸವಿಲ್ಲದ್ದೇ ಬೇಕೆಂದು ಬರೆಸಿ. ಸಣ್ಣ ಮಕ್ಕಳು ಉಡದ ಬಾಲವನ್ನೂ ನೆಕ್ಕುತ್ತಾರೆ.

6. ನೆಲಕ್ಕೆ ಏನು ಹಾಸಬೇಕು

ಸಿಮೆಂಟ್ ಇಂಟರ್‌ಲಾಕ್ ಇಟ್ಟಿಗೆಯನ್ನು ಆಟದ ಜಾಗಕ್ಕೆ ಹಾಸಲೇಬೇಡಿ. ಚೊಕ್ಕಟವಾಗಿ ಕಾಣುತ್ತದೆ ಎಂದು ಎಲ್ಲರೂ ಹಾಸುತ್ತಾರೆ, ಬಿದ್ದ ಮಗುವಿನ ತಲೆಗೆ ಅದು ಕಲ್ಲೇ. ಮರಳು ಸಾಕು, ಅದೇ ಅಗ್ಗ. ನಾಲ್ಕು ಅಡಿ ಎತ್ತರದಿಂದ ಬೀಳುವ ಸಾಧ್ಯತೆ ಇದ್ದರೆ ಕನಿಷ್ಠ 9 ಅಂಗುಲ ಮರಳಿರಬೇಕು. ತುಳಿದು ಚದುರುವುದರಿಂದ 12 ಅಂಗುಲ ತುಂಬಿಸಿ. ಕೆಳಗೆ ಜಲ್ಲಿಯ ಹಾಸು, ನೀರು ಬಸಿದುಹೋಗಲು ಪೈಪು. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಬೇಡ. ಅದರ ಹರಳು ಮೊನಚು, ಪುಡಿ ಹೆಚ್ಚು, ಮಳೆ ಬಿದ್ದು ಒಣಗಿದರೆ ಬಿಗಿದುಕೊಳ್ಳುತ್ತದೆ. ಪರವಾನಗಿ ಇರುವವರಿಂದ ತೊಳೆದ ನದಿ ಮರಳು ತರಿಸಿ, ರಸೀದಿ ಇಟ್ಟುಕೊಳ್ಳಿ.

ಬೀದಿನಾಯಿ, ಬೆಕ್ಕುಗಳಿಗೂ ಮರಳು ಪ್ರಿಯವೇ. ಮರಳಿನ ಗುಂಡಿಗೆ ರಾತ್ರಿ ಮುಚ್ಚಲು ತಾಡಪಾಲು, ಅದನ್ನು ಸಿಕ್ಕಿಸಲು ಅಂಚಿನಲ್ಲಿ ಕೊಕ್ಕೆ ಇರುವಂತೆ ಮೊದಲೇ ಮಾಡಿಸಿ.

7. ಗಿಡಗಳು

ನಿಜವಾದ ಹಕ್ಕಿ, ಚಿಟ್ಟೆ ಪಾರ್ಕಿಗೆ ಬರುವುದು ಗಿಡದಿಂದಲೇ. ನೆರಳಿಗೆ ಹೊಂಗೆ, ಬೇವು. ಹಕ್ಕಿಗಳಿಗೆ ಅತ್ತಿ, ನೇರಳೆ. ಬಸರಿಯೂ ಒಳ್ಳೆಯದೇ, ಆದರೆ ಕಾಂಪೌಂಡಿನಿಂದ ದೂರ ನೆಡಿ, ಬೇರು ಗೋಡೆ ಎತ್ತುತ್ತದೆ. ಚಿಟ್ಟೆಗಳಿಗೆ ನಿಂಬೆ, ಕರಿಬೇವು, ಕಕ್ಕೆ. ಎಲೆ ತಿನ್ನುವ ಹುಳುವನ್ನು ನೋಡಿ ಔಷಧಿ ಹೊಡೆಯಬೇಡಿ, ಚಿಟ್ಟೆಯಾಗುವುದು ಅದೇ. ದುರ್ಗದ ಕೋಟೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಸೀತಾಫಲವನ್ನು ಬೇಲಿಯಂಚಿಗೆ ಹಾಕಿದರೆ ನೀರಿನ ಚಿಂತೆಯೂ ಕಡಿಮೆ.

ಕಣಗಿಲೆ, ಹಳದಿ ಕಣಗಿಲೆ, ಉಮ್ಮತ್ತಿ, ಹರಳು, ಗುಲಗಂಜಿ ಆಟದ ಜಾಗದ ಹತ್ತಿರ ಇರಬಾರದು, ಎಲ್ಲವೂ ವಿಷ. ಗುಲಗಂಜಿಯ ಕೆಂಪು ಕಾಳಂತೂ ಮಕ್ಕಳನ್ನು ಕೈಬೀಸಿ ಕರೆಯುತ್ತದೆ. ಮುಂಗಾರಿನಲ್ಲಿ ಏಳುವ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬುಡಸಮೇತ ಕೀಳಿಸಿ, ಕೈಗೆ ಗವಸು ಹಾಕಿಕೊಂಡು.

8. ಹಣ ಮತ್ತು ಟೆಂಡರ್

ಪಾಲಿಕೆಯ ಅನುದಾನ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಕಂಪನಿಗಳ ಸಿಎಸ್‌ಆರ್ ಹಣ: ದಾರಿಗಳು ಮೂರು. ಸಿಎಸ್‌ಆರ್ ಎಂದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ. ಯಾರ ಹತ್ತಿರ ಹೋಗುವುದಾದರೂ ನಕ್ಷೆ ಮತ್ತು ಅಂದಾಜುಪಟ್ಟಿ ಹಿಡಿದುಕೊಂಡು ಹೋಗಿ, ಬರಿಗೈಯಲ್ಲಿ ಹೋದರೆ ಆಶ್ವಾಸನೆಯಷ್ಟೇ ಸಿಗುತ್ತದೆ.

ಟೆಂಡರಿನಲ್ಲಿ "ಮಕ್ಕಳ ಆಟಿಕೆ, 6 ಸಂಖ್ಯೆ" ಎಂದು ಬಂದರೆ ನಿಮ್ಮ ಕೊಂಡುಕುರಿಯ ಕಥೆ ಅಲ್ಲಿಗೆ ಮುಗಿಯಿತು; ಬರುವುದು ಅದೇ ಕ್ಯಾಟಲಾಗಿನ ಜಿರಾಫೆ. ಪ್ರತಿ ರಚನೆಯ ಚಿತ್ರ, ಅಳತೆ, ವಸ್ತು ಟೆಂಡರ್ ಕಡತದಲ್ಲೇ ಇರುವಂತೆ ಎಂಜಿನಿಯರ್ ಬಳಿ ಕುಳಿತು ಸೇರಿಸಿಸಿ. ದೊಡ್ಡದನ್ನು ಮಾಡುವ ಮುನ್ನ ಮಣ್ಣಿನಲ್ಲಿ ಒಂದು ಅಡಿಯ ಮಾದರಿ ತೋರಿಸಬೇಕೆಂಬ ಷರತ್ತೂ ಇರಲಿ. ಕರಡಿ ನಾಯಿಯಂತೆ ಕಂಡರೆ ಆಗಲೇ ಸರಿಪಡಿಸಬಹುದು.

9. ಫಲಕ

ಪ್ರಾಣಿಗೊಂದು, ಮಗುವಿನ ಕಣ್ಣಿನ ಎತ್ತರಕ್ಕೆ, ಕನ್ನಡದಲ್ಲಿ, ನಾಲ್ಕು ಸಾಲು. ಪ್ರಾಣಿ ಎಲ್ಲಿದೆ, ಏನು ತಿನ್ನುತ್ತದೆ, ನೀನು ಹಾಗೆ ಮಾಡಬಲ್ಲೆಯಾ? ಇಷ್ಟೇ. ಉದ್ಘಾಟಿಸಿದವರ ಹೆಸರುಗಳ ಕಲ್ಲು ಗೇಟಿನ ಬಳಿ ಇರಲಿ, ಕರಡಿಯ ಎದೆಯ ಮೇಲೆ ಬೇಡ.

10. ತೆರೆದ ಮೇಲೆ

ವಾರಕ್ಕೊಮ್ಮೆ ಯಾರು ನೋಡುತ್ತಾರೆ ಎಂಬುದನ್ನು ಉದ್ಘಾಟನೆಗೆ ಮುನ್ನವೇ ಗೊತ್ತುಮಾಡಿ, ಒಂದು ಪುಸ್ತಕ ಇಡಿ. ಜೋಕಾಲಿಯ ಸರಪಳಿಯ ಕೊಕ್ಕೆ ಬಾಯಿ ಬಿಟ್ಟಿದೆಯೇ, ಬೋಲ್ಟು ಸಡಿಲವಾಗಿದೆಯೇ, ಸಿಮೆಂಟು ಒಡೆದು ಜಾಲರಿಯ ತಂತಿ ಹೊರಗೆ ಬಂದಿದೆಯೇ, ಮರಳಿನಲ್ಲಿ ಗಾಜಿನ ಚೂರಿದೆಯೇ. ಜೋಕಾಲಿಯ ಕೆಳಗೆ ಕಾಲು ಉಜ್ಜಿ ಮರಳು ಚದುರಿ ಗುಂಡಿ ಬೀಳುತ್ತದೆ. ಅದನ್ನು ಮತ್ತೆ ತುಂಬುವುದೇ ಹೆಚ್ಚಿನ ವಾರಗಳ ಕೆಲಸ. ಹಾವು ಕಂಡರೆ ಕೋಲು ಹಿಡಿಯದೆ ಮಕ್ಕಳನ್ನು ದೂರ ಸರಿಸಿ, ಅರಣ್ಯ ಇಲಾಖೆಗೆ ತಿಳಿಸಿ.

ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಲಸದಲ್ಲಿನ ಲೋಪವನ್ನು ಅವರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಕಾಲ, ಯಾವತ್ತು ಮುಗಿಯುತ್ತದೆ ಎಂದು ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಅದಕ್ಕೆ ಎರಡು ತಿಂಗಳಿರುವಾಗ ಬಿರುಕು, ವಾಲಿಕೆ, ತುಕ್ಕುಗಳ ಪಟ್ಟಿ ಮಾಡಿ, ಫೋಟೊ ಸಮೇತ ಪಾಲಿಕೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿದ ಮರುದಿನ ಕೊಟ್ಟರೆ ಕರಡಿಯ ಮುರಿದ ಕಿವಿಯನ್ನು ನಿಮ್ಮ ಸಂಘದ ಚಂದಾ ಹಣದಲ್ಲೇ ಹಚ್ಚಿಸಬೇಕಾಗುತ್ತದೆ.